ನಿಷೇಧವೊಂದೇ ಮದ್ದಲ್ಲ

ಪಬ್ಜಿಯನ್ನು ನಿಷೇಧಿಸಿದರೆ ಮಕ್ಕಳು ಉದ್ಧಾರವಾಗುವರೆಂಬುದು ಹುಸಿನಂಬಿಕೆ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ಅದನ್ನು ತಡೆದದ್ದು ದೇಶದ ಭದ್ರತೆಯ ಕಾರಣಕ್ಕೆ; ಮಕ್ಕಳ ಹೊತ್ತು ಉಳಿಸಲೆಂದಲ್ಲ. 2021ರಲ್ಲಿ ಆ ಆಟವೇ ಹೊಸ ಹೆಸರು ತೊಟ್ಟು ಮರಳಿತು.

ಸೆಳೆತದ ಬೇರು ಆಟದ ರಚನೆಯಲ್ಲೇ ಇದೆ. 100 ಮಂದಿ ಬರಿಗೈಯಲ್ಲಿ ವಿಮಾನದಿಂದ ಇಳಿಯುವರು. ಸುತ್ತಣ ವೃತ್ತ ಕಿರಿದಾಗುತ್ತ ಬರುವುದು. ಒಬ್ಬಂಟಿ ಆಟದಲ್ಲಿ ಗೆಲ್ಲುವವನು ಒಬ್ಬ, ಸೋಲುವವರು 99. ಆ ಸೋಲೇ ‘ಇನ್ನೊಂದೇ ಆಟ’ ಎಂಬ ಆಸೆಯ ಬೀಜ. ನಡುವೆ ನಿಲ್ಲಿಸಿದರೆ ಆಟ ಕಾಯದು. ಆದ್ದರಿಂದಲೇ ತಾಯಿ ಊಟಕ್ಕೆ ಕರೆದರೂ ಮಗ ಏಳಲಾರ.

ಅವನನ್ನು ಜರೆಯುವ ಹಿರಿಯರೇ, ಉಣ್ಣುವಾಗ ನಿಮ್ಮ ಎಡಗೈಯಲ್ಲಿರುವುದೇನು? ಮೊದಲು ನಾವು ಮೊಬೈಲನ್ನು ಕೆಳಗಿಡೋಣ. ಬಳಿಕ ಅವನೊಡನೆ ಕುಳಿತು ಆಟಕ್ಕೊಂದು ಹೊತ್ತು ಗೊತ್ತುಪಡಿಸೋಣ. ನಡೆಯಿಲ್ಲದ ನುಡಿಗೆ ಮಕ್ಕಳು ಕಿವಿಗೊಡರು.