ಮೂತ್ರಪಿಂಡದ ಗಾಯವೂ ಅಸ್ಥಿಮಜ್ಜೆಯ ಕೋಶಗಳೂ: ಬಾಗಲಕೋಟೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ



ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರವು 2024ರಲ್ಲಿ ಘೋಷಿಸಿದ್ದರಿಂದ, ಮಲಪ್ರಭೆಯ ದಂಡೆಯ ಚೊಳಚಗುಡ್ಡದ ಹೊಲದಲ್ಲಿ ನಡೆದ ಕಡಿತವೂ ಈಗ ಜಿಲ್ಲೆಯ ಲೆಕ್ಕಕ್ಕೆ ಬರಬೇಕು. ಆದರೆ ಕೊಳಕುಮಂಡಲದ ವಿಷ ಏರಿದವರ ಮೂತ್ರಪಿಂಡ ಮುಂದೇನಾಯಿತು ಎಂಬುದು ಆ ಲೆಕ್ಕದಿಂದಷ್ಟೇ ತಿಳಿಯುವುದಿಲ್ಲ.

ಈ ವಿಷದಿಂದ ರಕ್ತ ಹೆಪ್ಪುಗಟ್ಟುವ ಕ್ರಮ ಕೆಟ್ಟು, ರಕ್ತದೊತ್ತಡ ಕುಸಿದು, ಮೂತ್ರಪಿಂಡದ ನಳಿಕೆಗಳ, ಅಂದರೆ ಸೋಸಿದ ದ್ರವದಿಂದ ನೀರು ಮತ್ತು ಲವಣಗಳನ್ನು ದೇಹಕ್ಕೆ ಮರಳಿಸುವ ಸೂಕ್ಷ್ಮ ಕೊಳವೆಗಳ, ಒಳಪದರದ ಕೋಶಗಳು ಸಾಯುತ್ತವೆ. ಅವುಗಳ ಜಾಗವನ್ನು ಎಲುಬಿನೊಳಗಿನ ಅಸ್ಥಿಮಜ್ಜೆಯಿಂದ ಬಂದ ಆಕರಕೋಶಗಳು, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳು, ತುಂಬುತ್ತವೆಂಬ ಆಕರ್ಷಕ ವಾದ 2001ರ ಸುಮಾರಿಗೆ ಹುಟ್ಟಿತು. ಗಂಡು ಇಲಿಯ ಮಜ್ಜೆಯನ್ನು ಪಡೆದ ಹೆಣ್ಣು ಇಲಿಯ ನಳಿಕೆಗಳಲ್ಲಿ ಗಂಡಿನ ಗುರುತಾದ ವೈ ವರ್ಣತಂತು ಕಂಡದ್ದೇ ಅದರ ಆಧಾರವಾಗಿತ್ತು. 2005ರಲ್ಲಿ ಎರಡು ಸಂಶೋಧನಾ ತಂಡಗಳು ಇದನ್ನೇ ಹೆಚ್ಚು ಎಚ್ಚರದಿಂದ ಪರೀಕ್ಷಿಸಿದಾಗ, ನಳಿಕೆಯ ಕೋಶವೆಂದು ಎಣಿಸಿದ್ದವುಗಳಲ್ಲಿ ಹಲವು ನಳಿಕೆಗೆ ಒತ್ತಿಕೊಂಡ ಬಿಳಿ ರಕ್ತಕಣಗಳಿರಬಹುದೆಂದೂ, ದುರಸ್ತಿಯ ಬಹುಪಾಲು ಅಳಿಯದೆ ಉಳಿದ ನಳಿಕೆ ಕೋಶಗಳದ್ದೇ ಎಂದೂ ಗೊತ್ತಾಯಿತು. ಅವು ಚಪ್ಪಟೆಯಾಗಿ ಹರಡಿ, ವಿಭಜನೆಗೊಂಡು, ಬರಿದಾದ ಗೋಡೆಯನ್ನು ಮುಚ್ಚುತ್ತವೆಂಬುದಕ್ಕೆ 2008ರ ಇಲಿಯ ಪ್ರಯೋಗವೂ ಬೆಂಬಲ ನೀಡಿತು.

ಹಾಗೆಂದು ಮಜ್ಜೆಯ ಪಾತ್ರ ಶೂನ್ಯವಲ್ಲ. ಅಲ್ಲಿಂದ ಬರುವ ಭಕ್ಷಕಕಣಗಳು ಸತ್ತ ಕೋಶಗಳನ್ನು ನುಂಗಿ ದಾರಿ ಮಾಡಿಕೊಡುತ್ತವೆ. ಆದರೆ ಉರಿಯೂತ ಬಹುಕಾಲ ಉಳಿದರೆ ಅವೇ ನಾರುಗಟ್ಟುವಿಕೆಗೆ ಕಾರಣವಾಗಬಲ್ಲವು. ಮಜ್ಜೆಯಲ್ಲಿರುವ ಮತ್ತೊಂದು ಬಗೆಯ ಆಕರಕೋಶಗಳು ಸ್ರವಿಸುವ ರಾಸಾಯನಿಕಗಳಿಂದ ಇಲಿಗಳಿಗೆ ಲಾಭವಾದದ್ದು ನಿಜವಾದರೂ, ಹೃದಯ ಶಸ್ತ್ರಚಿಕಿತ್ಸೆಯ ನಂತರ ಮೂತ್ರಪಿಂಡ ಘಾಸಿಗೊಂಡ 156 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಂಥ ಕೋಶಗಳಿಂದ ಚೇತರಿಕೆ ಬೇಗನೆ ಆಗಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಕೆಲವು ರಕ್ತರೋಗಗಳಂಥ ಅಂಗೀಕೃತ ಬಳಕೆಗಳ ಹೊರಗೆ ಆಕರಕೋಶಗಳನ್ನು ಅನುಮೋದಿತ ಪ್ರಯೋಗಗಳಿಗಷ್ಟೇ ಸೀಮಿತಗೊಳಿಸಿರುವುದರಿಂದ, ಕಿಡ್ನಿಗೆ ಮಜ್ಜೆಯ ಚುಚ್ಚುಮದ್ದೆಂಬ ಜಾಹೀರಾತು ಜಿಲ್ಲೆಯಲ್ಲಿ ಕಂಡುಬಂದರೆ ಅದು ತನಿಖೆಗೆ ಅರ್ಹವಾದ ಸಂಗತಿ.

ಮೂತ್ರಪಿಂಡ ಬಹುಮಟ್ಟಿಗೆ ತಾನೇ ಮಾಯುವ ಅಂಗವಾದ ಮೇಲೆ ಆಸ್ಪತ್ರೆಯ ಕೆಲಸ ಅದಕ್ಕೆ ಕಾಲಾವಕಾಶ ಒದಗಿಸುವುದು: ಪ್ರತಿವಿಷ ತಡವಾಗಬಾರದು, ನೋವುನಿವಾರಕ ಮಾತ್ರೆಗಳನ್ನು ಕಂಡಾಬಟ್ಟೆ ಕೊಡಬಾರದು, ಬೇಕಾದಾಗ ಡಯಾಲಿಸಿಸ್ ಹತ್ತಿರದಲ್ಲೇ ಸಿಗಬೇಕು. ಡಯಾಲಿಸಿಸ್ ನಿಂತು ಮನೆಗೆ ಹೋದವರನ್ನೆಲ್ಲ ಗುಣಮುಖರೆಂದು ಬರೆದು ಕಡತ ಮುಚ್ಚುವ ಬದಲು, ರಕ್ತದ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಹೊರಹಾಕಬೇಕಾದ ತ್ಯಾಜ್ಯದ ಪ್ರಮಾಣ, ಮೂರು ತಿಂಗಳ ನಂತರ ಎಷ್ಟಿತ್ತು ಎಂಬುದಕ್ಕೆ ಹಾವು ಕಡಿತದ ವರದಿ ನಮೂನೆಯಲ್ಲಿ ಒಂದು ಕಲಮು ಸೇರಿಸಿ, ಆ ಪರೀಕ್ಷೆಯನ್ನು ಚೊಳಚಗುಡ್ಡಕ್ಕೆ ಹತ್ತಿರದ ಬಾದಾಮಿಯಲ್ಲೇ ಉಚಿತವಾಗಿ ಮಾಡಿಸಲು ಆದೇಶ ಹೊರಡಿಸಬೇಕೆಂಬುದು ಈ ಪತ್ರದ ಬೇಡಿಕೆ.