ಪರೀಕ್ಷೆ ಮುಂದೆ ಹೋಗಿದೆ ಅನ್ನೋ ಸುದ್ದಿ

ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಹಾಸ್ಟೆಲಿನಲ್ಲಿ ಓಡಾಡುವ ಎರಡು ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು, "ಪರೀಕ್ಷೆ ಮುಂದೆ ಹೋದ ಸುದ್ದಿ ಗೊತ್ತಾಯ್ತಾ?" ಇನ್ನೊಂದು, "ಪರೀಕ್ಷೆ ಮುಂದೆ ಹೋಗಿದೆ ಅನ್ನೋ ಸುದ್ದಿ ಗೊತ್ತಾಯ್ತಾ?" ಮೊದಲನೆಯದನ್ನು ಕೇಳಿಸಿಕೊಂಡವನು ಪುಸ್ತಕ ಮುಚ್ಚಿ ಮಲಗಬಹುದು. ಎರಡನೆಯದನ್ನು ಕೇಳಿಸಿಕೊಂಡವನು "ಯಾರಂದ್ರು? ಸರ್ಕ್ಯುಲರ್ ಬಂದಿದೆಯಾ?" ಅಂತ ತಿರುಗಿ ಕೇಳುತ್ತಾನೆ. ಮೊದಲನೆಯದರಲ್ಲಿ ಪರೀಕ್ಷೆ ನಿಜವಾಗಿ ಮುಂದೆ ಹೋಗಿದೆ. ಎರಡನೆಯದರಲ್ಲಿ ಹಾಗಂತ ಯಾರೋ ಅಂದಿದ್ದಾರೆ, ಅಷ್ಟೇ. 'ಅನ್ನೋ' ಅಂದರೆ 'ಅನ್ನುವ' ತಾನೇ? ಬರವಣಿಗೆಯಲ್ಲಿ ನಾವು ಬಳಸುವ 'ಎಂಬ' ಕೂಡ 'ಎನ್' ಎಂಬ ಧಾತುವಿನಿಂದಲೇ ಬಂದದ್ದು. ಯಾರ ಪಾಠವೂ ಇಲ್ಲದೆ ನಾವೆಲ್ಲ ಈ ವ್ಯತ್ಯಾಸವನ್ನು ಐದು ವರ್ಷಕ್ಕೇ ಕಲಿತಿರುತ್ತೇವೆ.

ಇದನ್ನೇ ಇಂಗ್ಲಿಷಿಗೆ ಒಯ್ದರೆ "ದ ನ್ಯೂಸ್ ದಟ್ ದ ಎಕ್ಸಾಮ್ಸ್ ಆರ್ ಪೋಸ್ಟ್‌ಪೋನ್ಡ್" ಅನ್ನಬೇಕಾಗುತ್ತದೆ. ಸುದ್ದಿ ನಿಜವೋ ಗಾಳಿಮಾತೋ ಅಂತ ತೋರಿಸಬೇಕಾದರೆ 'ನ್ಯೂಸ್' ತೆಗೆದು 'ರೂಮರ್' ಹಾಕಬೇಕು. ದಟ್ ಬದಲಾಗುವುದಿಲ್ಲ, ಅದರ ಮುಂದಿನ ವಾಕ್ಯವೂ ಬದಲಾಗುವುದಿಲ್ಲ, ನಾಮಪದ ಮಾತ್ರ ಬದಲಾಗುತ್ತದೆ. ಫ್ಯಾಕ್ಟ್ ದಟ್, ಕ್ಲೇಮ್ ದಟ್, ಅಸಂಪ್ಷನ್ ದಟ್, ಹೋಪ್ ದಟ್, ಪಾಸಿಬಿಲಿಟಿ ದಟ್. ಮುಂದೆ ಬರುವ ಮಾತನ್ನು ಎಷ್ಟು ನಂಬಬೇಕು ಅನ್ನೋದನ್ನು ಆ ಒಂದು ಪದವೇ ಹೇಳಿಬಿಡುತ್ತದೆ. ನಮ್ಮ ವಾದ ಇಷ್ಟೇ: ಎಂಜಿನಿಯರಿಂಗ್ ಓದುವವರಿಗೆ ಇಂಗ್ಲಿಷ್ ವ್ಯಾಕರಣದಲ್ಲಿ ಇದಕ್ಕಿಂತ ಕೆಲಸಕ್ಕೆ ಬರುವ ಮೂಲೆ ಬಹಳ ಇಲ್ಲ. ಆದರೆ ಇದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ. 'ದಟ್ ಅಂದ್ರೆ ಅದು, ಕೆಲವು ಸಲ ಎಂದು' ಅನ್ನೋದು ಹೈಸ್ಕೂಲಿನಲ್ಲಿ ಸಿಕ್ಕ ಮೊದಲ ಪಾಠ, ಬಹುಮಟ್ಟಿಗೆ ಕೊನೆಯ ಪಾಠವೂ ಅದೇ.

ಹಾಗೆ ನೋಡಿದರೆ 'ಅದು' ಅನ್ನೋ ಅರ್ಥ ಪೂರ್ತಿ ತಪ್ಪೇನಲ್ಲ. ಇಂಗ್ಲಿಷಿನ ಈ ದಟ್ ಹುಟ್ಟಿದ್ದೇ ಬೆರಳು ಮಾಡಿ ತೋರಿಸುವ ದಟ್‌ನಿಂದ. ಇಂಗ್ಲಿಷ್ ಮೊದಲು ನಾಮಪದ ಹೇಳಿ, ಆಮೇಲೆ 'ಅದು, ಇಗೋ ನೋಡು' ಅಂತ ವಿಷಯವನ್ನು ಮುಂದಿಡುತ್ತದೆ. ಕನ್ನಡ ಮೊದಲು ಮಾತನ್ನು ಪೂರ್ತಿ ಆಡಿ ಮುಗಿಸಿ, 'ಅನ್ನೋ' ಅಂತ ಒಂದು ಕೊಕ್ಕೆ ಹಾಕಿ, ಕೊನೆಗೆ ನಾಮಪದಕ್ಕೆ ಸಿಕ್ಕಿಸುತ್ತದೆ. ತಮಿಳಿನ 'ಎನ್‌ಡ್ರ', ತೆಲುಗಿನ 'ಅನೇ', ಮಲಯಾಳದ 'ಎನ್ನ' ಮಾಡೋದೂ ಇದೇ ಕೆಲಸ, ಅವುಗಳ ಮೂಲ ಅರ್ಥವೂ 'ಅನ್ನುವ' ಅಂತಲೇ. ಹಿಂದಿಯ 'ಕಿ' ಮಾತ್ರ ಇಂಗ್ಲಿಷಿನ ಹಾಗೆ ನಾಮಪದ ಆದಮೇಲೆ ಬರುತ್ತದೆ. ಬಳಕೆ ಕನ್ನಡ ಕಲಿಯುವ ಉತ್ತರದ ಗೆಳೆಯರು 'ಅನ್ನೋ' ಹತ್ತಿರ ಬಂದಾಗ ಯಾಕೆ ಒದ್ದಾಡುತ್ತಾರೆ ಅಂತ ಇದರಿಂದ ಅರ್ಥವಾಗಬಹುದು. ನಗಬೇಡಿ. ನಾವು ಎದುರು ದಿಕ್ಕಿನಲ್ಲಿ ಹೊರಟಾಗ ನಮ್ಮದೂ ಅದೇ ಪಾಡು.

ಇಂಗ್ಲಿಷಿನ ತೊಡಕು ಇನ್ನೊಂದಿದೆ. ನಾಮಪದ ಆದಮೇಲೆ ಬರುವ ದಟ್ ಒಂದಲ್ಲ, ಎರಡು. ಎರಡರ ವೇಷವೂ ಒಂದೇ. "ದ ಅಲಿಗೇಶನ್ ದಟ್ ಹಿ ಮೇಡ್" ಅಂದರೆ ಅವನು ಮಾಡಿದ ಆರೋಪ. "ದ ಅಲಿಗೇಶನ್ ದಟ್ ಹಿ ಲೈಡ್" ಅಂದರೆ ಅವನು ಸುಳ್ಳು ಹೇಳಿದ ಎಂಬ ಆರೋಪ. ಮೊದಲನೆಯದರಲ್ಲಿ ಅವನು ದೂರು ಕೊಟ್ಟವನು, ಎರಡನೆಯದರಲ್ಲಿ ಕಟಕಟೆಯಲ್ಲಿ ನಿಂತವನು! ಕನ್ನಡ ಇವೆರಡಕ್ಕೂ ಬೇರೆ ಬೇರೆ ದಾರಿ ಮಾಡಿಕೊಟ್ಟಿದೆ, 'ಮಾಡಿದ' ಮತ್ತು 'ಎಂಬ'. ಇಂಗ್ಲಿಷಿನವರಿಗೆ ಇರೋದು ಒಂದೇ ದಾರಿ. ಬರೆಯುವಾಗ ಅನುಮಾನ ಬಂದರೆ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ. 'ಎಂಬ' ಬೇಕೇಬೇಕು ಅನ್ನಿಸಿದರೆ ಅಲ್ಲಿ ದಟ್ ಬದಲು ವಿಚ್ ಹಾಕುವಂತಿಲ್ಲ. "ದ ನ್ಯೂಸ್ ವಿಚ್ ದ ಎಕ್ಸಾಮ್ಸ್ ಆರ್ ಪೋಸ್ಟ್‌ಪೋನ್ಡ್" ಅಂತ ಬರೆಯುವವರು ನಮ್ಮಲ್ಲಿ ಕಮ್ಮಿ ಇಲ್ಲ. ದಟ್‌ಗಿಂತ ವಿಚ್ ಸ್ವಲ್ಪ ಗಂಭೀರ ಅಂತ ಯಾರು ಹೇಳಿದರೋ! 'ಎಂಬ' ಬೇಡ, 'ಮಾಡಿದ', 'ಕೊಟ್ಟ' ಸಾಕು ಅನ್ನಿಸಿದರೆ ವಿಚ್ ನಡೆಯುತ್ತದೆ. ಕನ್ನಡ ಮೀಡಿಯಂನಿಂದ ಬಂದವರ ಹತ್ತಿರ ಹೀಗೊಂದು ಅಳತೆಗೋಲು ಇದೆ ಅಂತ ಅವರಿಗೇ ಯಾರೂ ಹೇಳಿಲ್ಲ.

ನಿಜವಾದ ಕಷ್ಟ ಶುರುವಾಗೋದು 'ಎಂಬ' ಅನ್ನೋದರ ಉದಾರತೆಯಿಂದ. ಅದು ಯಾವ ನಾಮಪದಕ್ಕಾದರೂ ಅಂಟಿಕೊಳ್ಳುತ್ತದೆ. ಗೇಟ್ ಬರೀಬೇಕು ಅನ್ನೋ ಪ್ಲಾನ್, ಪ್ಲೇಸ್‌ಮೆಂಟ್ ಆಗುತ್ತೋ ಇಲ್ವೋ ಅನ್ನೋ ಪ್ರಶ್ನೆ, ಹಾಸನ ಅನ್ನೋ ಊರು, ಫೇಲಾಗ್ತೀನಿ ಅನ್ನೋ ಭಯ. ನಮಗೆ ಎಲ್ಲವೂ ಒಂದೇ ಅಚ್ಚು. ಇಂಗ್ಲಿಷಿನಲ್ಲಿ ಈ ನಾಲ್ಕರಲ್ಲಿ ದಟ್ ಸರಾಗವಾಗಿ ಕೂರೋದು ಭಯಕ್ಕೆ ಮಾತ್ರ. ಪ್ಲಾನ್ ಆದರೆ ಟು, ಪ್ರಶ್ನೆ ಆದರೆ ಆಫ್ ವೆದರ್, ಊರಾದರೆ ಬರೀ ಆಫ್. 'ಪ್ಲಾನ್ ದಟ್ ಐ ಶುಡ್ ರೈಟ್', 'ಕ್ವೆಶ್ಚನ್ ದಟ್ ವೆದರ್' ಅಂತೆಲ್ಲ ಬರೆಯೋದು ದಡ್ಡತನದಿಂದ ಅಲ್ಲ. ಕನ್ನಡದ ಅಚ್ಚಿಗೆ ಇಂಗ್ಲಿಷ್ ಎರಕ ಹೊಯ್ದದ್ದರಿಂದ. ತಪ್ಪಿಗೆ ಕೆಂಪು ಗೆರೆ ಬೀಳುತ್ತದೆ, ಆ ತಪ್ಪು ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಇದರಲ್ಲಿ ದೊಡ್ಡ ನಿಯಮ ಹುಡುಕುವ ಗೋಜಿಗೆ ಹೋಗಬೇಡಿ. ಯಾವ ನಾಮಪದಕ್ಕೆ ಯಾವ ಜೊತೆಗಾರ ಅನ್ನೋದನ್ನು ಒಂದೊಂದಾಗಿ ಓದಿ, ಕೇಳಿ ಕಲಿಯಬೇಕು, ರೆಸಿಸ್ಟರಿನ ಬಣ್ಣದ ಪಟ್ಟಿ ಕಲಿತ ಹಾಗೆ.

ಇಷ್ಟೆಲ್ಲದರಲ್ಲಿ ತೀರಾ ಅಪಾಯಕಾರಿ ಪದ ಒಂದಿದೆ: ಡೌಟ್. ಕ್ಲಾಸಿನಲ್ಲಿ "ಸರ್, ಡೌಟ್" ಅಂದರೆ ಪ್ರಶ್ನೆ ಇದೆ ಅಂತ, ಅದು ಬಿಡಿ. ಕನ್ನಡದ 'ಅನುಮಾನ' ನೋಡಿ. "ಸೆನ್ಸರ್ ಕೆಟ್ಟಿದೆ ಅನ್ನೋ ಅನುಮಾನ ನಂಗೆ" ಅಂದರೆ ಅರ್ಥ ಏನು? ಸೆನ್ಸರ್ ಕೆಟ್ಟಿರಬೇಕು ಅಂತ ನನಗೆ ಅನ್ನಿಸುತ್ತಿದೆ ಅಂತ. ಇದನ್ನು ಪದಕ್ಕೆ ಪದ ಇಟ್ಟು "ಐ ಹ್ಯಾವ್ ಎ ಡೌಟ್ ದಟ್ ದ ಸೆನ್ಸರ್ ಈಸ್ ಫಾಲ್ಟಿ" ಅಂತ ಮೇಲ್ ಹಾಕಿದಿರಿ ಅಂದುಕೊಳ್ಳಿ. ಆ ಕಡೆ ಓದುವವನು ಇಂಗ್ಲಿಷನ್ನೇ ಮನೆಮಾತಾಗಿ ಆಡುವವನಾದರೆ ಅವನಿಗೆ ಕೇಳಿಸೋದು ಉಲ್ಟಾ: ಸೆನ್ಸರ್ ಕೆಟ್ಟಿದೆ ಅನ್ನೋದನ್ನು ಇವರು ನಂಬುತ್ತಿಲ್ಲ, ಅಂದರೆ ಸೆನ್ಸರ್ ಸರಿಯಾಗೇ ಇದೆ! ನೀವು ಎಚ್ಚರಿಕೆ ಕೊಟ್ಟಿದ್ದೀರಿ ಅಂತ ನೀವು ಅಂದುಕೊಂಡಿರುತ್ತೀರಿ, ಭರವಸೆ ಕೊಟ್ಟಿದ್ದೀರಿ ಅಂತ ಅವನು ಅಂದುಕೊಂಡಿರುತ್ತಾನೆ. ಅಲ್ಲಿ ಬೇಕಾಗಿದ್ದ ಪದ ಸಸ್ಪಿಷನ್, ಇಲ್ಲವೇ ಸುಮ್ಮನೆ ಐ ಸಸ್ಪೆಕ್ಟ್. (ಹಿಂದಿನ ಕಾಲದ ಇಂಗ್ಲಿಷಿನಲ್ಲಿ ಡೌಟ್ ಪದಕ್ಕೆ ನಮ್ಮ ಅನುಮಾನದ ಅರ್ಥವೂ ಇತ್ತು, ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಅದು ಉಳಿದೂ ಇದೆ. ಆದರೆ ನಿಮ್ಮ ಮೇಲ್ ಸ್ಕಾಟ್ಲೆಂಡಿಗೇ ಹೋಗುತ್ತದೆ ಅನ್ನೋ ಖಾತ್ರಿ ಇಲ್ಲವಲ್ಲ.)

ಗ್ರಾಮರ್ಲಿ ಇದೆ, ಚಾಟ್‌ಜಿಪಿಟಿ ಇದೆ, ಇನ್ಯಾಕೆ ಇದೆಲ್ಲ ಅನ್ನೋರಿಗೆ ಉತ್ತರವೂ ಇಲ್ಲೇ ಇದೆ. ಡೌಟ್ ದಟ್ ಅನ್ನೋದು ವ್ಯಾಕರಣದ ತಪ್ಪೇ ಅಲ್ಲ. ನೀವು ಕೆಟ್ಟಿದೆ ಅಂದುಕೊಂಡಿದ್ದೀರೋ ಸರಿಯಿದೆ ಅಂದುಕೊಂಡಿದ್ದೀರೋ ಅನ್ನೋದು ನಿಮ್ಮ ತಲೆಯಲ್ಲಿದೆ, ವಾಕ್ಯದಲ್ಲಿಲ್ಲ. ಯಂತ್ರ ನಿಮ್ಮ ತಪ್ಪು ಅರ್ಥವನ್ನೇ ಇನ್ನಷ್ಟು ನಯ ಮಾಡಿ ಕೊಡಬಹುದು.

ಇನ್ನು ನಮ್ಮ ಪ್ರಾಜೆಕ್ಟ್ ರಿಪೋರ್ಟುಗಳ ಪ್ರೀತಿಯ ಮಾತಿಗೆ ಬರೋಣ: ದ ಫ್ಯಾಕ್ಟ್ ದಟ್. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ವಿಲಿಯಂ ಸ್ಟ್ರಂಕ್ ಎಂಬ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳಿಗಾಗಿ 1918ರಲ್ಲಿ 'ದಿ ಎಲಿಮೆಂಟ್ಸ್ ಆಫ್ ಸ್ಟೈಲ್' ಎಂಬ ಪುಟ್ಟ ಪುಸ್ತಕ ಅಚ್ಚು ಹಾಕಿಸಿದರು. ಆ ವಿದ್ಯಾರ್ಥಿಗಳಲ್ಲಿ ಒಬ್ಬರಾಗಿದ್ದ ಇ. ಬಿ. ವೈಟ್ ಅದನ್ನು ಪರಿಷ್ಕರಿಸಿ 1959ರಲ್ಲಿ ಹೊರತಂದ ಮೇಲೆ ಅದು ಮನೆಮಾತಾಯಿತು. 'ದ ಫ್ಯಾಕ್ಟ್ ದಟ್' ಎಲ್ಲೇ ಕಂಡರೂ ಕಿತ್ತುಹಾಕಿ ವಾಕ್ಯವನ್ನು ತಿದ್ದಿ ಅನ್ನೋದು ಅದರ ಒಂದು ಖಡಾಖಂಡಿತ ಸಲಹೆ. ನಮಗೆ ಮೇಷ್ಟ್ರ ಮೇಲೆ ಗೌರವವಿದೆ, ಆದರೆ ಈ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇವೆ. ಇಂಗ್ಲಿಷಿನಲ್ಲಿ ಡಿಸ್ಪೈಟ್, ಡ್ಯೂ ಟು ತರಹದ ಪದಗಳು ನೇರವಾಗಿ ದಟ್ ವಾಕ್ಯವನ್ನು ಹೊರಲಾರವು. "ಡಿಸ್ಪೈಟ್ ದಟ್ ಇಟ್ ರೇನ್ಡ್" ಅಂದರೆ ಇವತ್ತಿನ ಕಿವಿಗೆ ಹೊಂದುವುದಿಲ್ಲ. ನಡುವೆ ಒಂದು ಸೇತುವೆ ಬೇಕು, ಆ ಸೇತುವೆಯೇ 'ದ ಫ್ಯಾಕ್ಟ್'. ಆಲ್ದೋ, ಬಿಕಾಸ್ ಹಾಕಿದರೆ ಬಹಳ ಕಡೆ ಸೇತುವೆಯೇ ಬೇಕಾಗಲ್ಲ ಅನ್ನೋದು ನಿಜ, ಎಲ್ಲ ಕಡೆ ಅಲ್ಲ. ಕನ್ನಡಕ್ಕೆ ಈ ರಗಳೆಯೇ ಇಲ್ಲ: ಮಳೆ ಬಂದರೂ, ಮಳೆ ಬಂದದ್ದರಿಂದ, ಮುಗೀತು.

ನಮ್ಮ ತಕರಾರು ಉದ್ದದ ಬಗ್ಗೆ ಅಲ್ಲ. ಎರಡು ಪುಟ ತುಂಬಬೇಕಾದಾಗ ಮೂರು ಪದ ಜಾಸ್ತಿ ಬಿದ್ದರೆ ಯಾರ ಗಂಟೂ ಹೋಗಲ್ಲ. ತಕರಾರು ಫ್ಯಾಕ್ಟ್ ಎಂಬ ಪದದ ಬಗ್ಗೆ. "ಡ್ಯೂ ಟು ದ ಫ್ಯಾಕ್ಟ್ ದಟ್ ಅವರ್ ಮಾಡೆಲ್ ಈಸ್ ಮೋರ್ ಎಫಿಶಿಯೆಂಟ್" ಅಂತ ಬರೆದಿರುತ್ತೇವೆ. ಮಾಡೆಲ್ ಎಫಿಶಿಯೆಂಟ್ ಅಂತ ಅಳೆದವರು ಯಾರು? ಎಷ್ಟು ರೀಡಿಂಗ್ ತೆಗೆದರು? ಅಳೆಯದೇ ಇದ್ದರೆ ಅದು ಹೋಪ್ ದಟ್. ಒಂದು ಸಲ ಅಳೆದಿದ್ದರೆ ಇಂಡಿಕೇಶನ್ ದಟ್. ಹತ್ತು ಸಲ ಅಳೆದು, ಎರರ್ ಲೆಕ್ಕ ಹಾಕಿ, ಹಳೆಯದರ ಜೊತೆ ಹೋಲಿಸಿದ್ದರೆ ಎವಿಡೆನ್ಸ್ ದಟ್. ಲೆಕ್ಕ ಸುಲಭವಾಗಲಿ ಅಂತ ಮೊದಲೇ ಹಿಡಿದುಕೊಂಡದ್ದಾದರೆ ಅಸಂಪ್ಷನ್ ದಟ್. ಬೀಮ್ ಪೂರ್ತಿ ಏಕರೂಪ ಅನ್ನೋದು, ಆಪ್‌ಆಂಪ್ ಐಡಿಯಲ್ ಅನ್ನೋದು ಫ್ಯಾಕ್ಟ್ ಅಲ್ಲವಲ್ಲ! ಈ ಪದಗಳನ್ನು ಅದಲುಬದಲು ಮಾಡುವುದು ಶೈಲಿಯ ವಿಷಯವಲ್ಲ, ರೀಡಿಂಗನ್ನೇ ತಿದ್ದಿ ಬರೆದ ಹಾಗೆ.

ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಥೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. 1999ರ ಸೆಪ್ಟೆಂಬರ್ 23ರಂದು ಅದು ಮಂಗಳನ ಹತ್ತಿರ ಕೈತಪ್ಪಿಹೋಯಿತು. ಥ್ರಸ್ಟರ್ ಲೆಕ್ಕದ ಅಂಕಿಗಳು ನ್ಯೂಟನ್-ಸೆಕೆಂಡಿನಲ್ಲಿ ಬರಬೇಕು ಅಂತ ಒಪ್ಪಂದದ ಕಾಗದದಲ್ಲಿತ್ತು, ಒಂದು ಸಾಫ್ಟ್‌ವೇರ್ ಅವುಗಳನ್ನು ಪೌಂಡ್-ಸೆಕೆಂಡಿನಲ್ಲಿ ಕೊಡುತ್ತಿತ್ತು. ಎರಡಕ್ಕೂ ಸುಮಾರು 4.45 ಪಟ್ಟು ವ್ಯತ್ಯಾಸ. ಪಾಠಪುಸ್ತಕಗಳು ಇದನ್ನು ಯೂನಿಟ್ಟಿನ ತಪ್ಪು ಅಂತ ಹೇಳಿ ಮುಗಿಸುತ್ತವೆ. ನಮಗೆ ಕಾಣೋದು ಇನ್ನೊಂದು: 'ಅಂಕಿಗಳು ಸರಿಯಾದ ಯೂನಿಟ್ಟಿನಲ್ಲೇ ಬರುತ್ತಿವೆ ಎಂಬ ನಂಬಿಕೆ' ಅಲ್ಲಿ ಅಂಕಿಗಳು ಸರಿಯಾದ ಯೂನಿಟ್ಟಿನಲ್ಲಿ ಬರುತ್ತಿರುವ ಸಂಗತಿಯಾಗಿ ಕೂತುಬಿಟ್ಟಿತ್ತು. ವ್ಯಾಕರಣ ಗೊತ್ತಿದ್ದರೆ ನೌಕೆ ಉಳಿಯುತ್ತಿತ್ತು ಅನ್ನೋ ಅತಿಶಯೋಕ್ತಿಗೆ ನಾವು ಹೋಗಲ್ಲ. ಆದರೆ 'ಎಂಬ ನಂಬಿಕೆ' ಅಂತ ಕಾಗದದ ಮೇಲೆ ಬರೆದಿಟ್ಟರೆ, ಅದನ್ನು ಪರೀಕ್ಷೆ ಮಾಡಬೇಕು ಅಂತ ಯಾರಿಗಾದರೂ ಹೊಳೆಯುವ ಸಾಧ್ಯತೆ ಜಾಸ್ತಿ.

ಕನ್ನಡದಲ್ಲಿ ಬರೆಯುವಾಗಲೂ ನಾವು ಈ ವಿಷಯದಲ್ಲಿ ಬಹಳ ಶುದ್ಧರೇನಲ್ಲ. 'ಸತ್ಯ ಸಂಗತಿ ಏನೆಂದರೆ' ಅಂತ ಶುರು ಮಾಡಿ ಆಮೇಲೆ ಮೂರು ಸಾಲು ಎಳೆಯೋದು ಇಂಗ್ಲಿಷ್ ವಾಕ್ಯಕ್ಕೆ ಕನ್ನಡದ ಅಂಗಿ ತೊಡಿಸಿದ ಹಾಗೆ. ಇತ್ತ ನಮ್ಮದೇ ಸೂಕ್ಷ್ಮವನ್ನು ಮರೆಯುತ್ತಿದ್ದೇವೆ. "ಹಾಜರಿ ಕಡಿಮೆಯಾದ ಕಾರಣ ಹಾಲ್ ಟಿಕೆಟ್ ಸಿಗಲಿಲ್ಲ" ಅಂದರೆ ಹುಡುಗ ತಪ್ಪು ಒಪ್ಪಿಕೊಂಡಿದ್ದಾನೆ. "ಹಾಜರಿ ಕಡಿಮೆ ಇದೆ ಎಂಬ ಕಾರಣಕ್ಕೆ ಹಾಲ್ ಟಿಕೆಟ್ ಕೊಡಲಿಲ್ಲ" ಅಂದರೆ ಜಗಳಕ್ಕೆ ಹೊರಟಿದ್ದಾನೆ, ಆ ಕಾರಣ ಆಫೀಸಿನವರದ್ದು, ತನ್ನದಲ್ಲ. ಅರ್ಜಿ ಬರೆಯುವ ಮುಂಚೆ ಯಾವುದು ಬೇಕು ಅಂತ ಯೋಚಿಸಿ ಬರೆಯಿರಿ, ಪ್ರಿನ್ಸಿಪಾಲರಿಗೂ ಕನ್ನಡ ಬರುತ್ತದೆ.

ಮಾತಿನ ಇಂಗ್ಲಿಷ್ ಬಗ್ಗೆ ಒಂದು ಮಾತು. ಅಲ್ಲಿ ದಟ್ ಎಷ್ಟೋ ಸಲ ಮಾಯವಾಗುತ್ತದೆ. "ಐ ಹ್ಯಾಡ್ ನೋ ಐಡಿಯಾ ಯು ವರ್ ಹಿಯರ್" ಅನ್ನುತ್ತಾರೆ, ದಟ್ ಕಾಣಿಸೋದೇ ಇಲ್ಲ. ಕನ್ನಡದಲ್ಲಿ 'ಅನ್ನೋ' ಬಿಟ್ಟರೆ ವಾಕ್ಯವೇ ಬಿದ್ದುಹೋಗುವುದರಿಂದ ನಾವು ಇಂಗ್ಲಿಷಿನಲ್ಲೂ ದಟ್ ಅನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇವೆ. ಹಿಡಿದುಕೊಳ್ಳಿ, ತಪ್ಪಿಲ್ಲ. ರಿಪೋರ್ಟಿನಲ್ಲಂತೂ ಅದು ಇರಲೇಬೇಕು.

ಮೊದಲ ವರ್ಷದ ಇಂಗ್ಲಿಷ್ ಕ್ಲಾಸಿನಲ್ಲಿ ಇದಕ್ಕೆ ಒಂದು ಗಂಟೆ ಕೊಡಿ ಅನ್ನೋದು ನಮ್ಮ ಬೇಡಿಕೆ. ಆ ಗಂಟೆ ಕನ್ನಡದಲ್ಲೇ ನಡೆಯಲಿ, ಬೋರ್ಡಿನ ಒಂದು ಕಡೆ 'ಎಂಬ', ಇನ್ನೊಂದು ಕಡೆ ದಟ್. ಪ್ರಾಜೆಕ್ಟ್ ಗೈಡುಗಳಲ್ಲಿ ಇನ್ನೂ ಸಣ್ಣ ಕೋರಿಕೆ: ರಿಪೋರ್ಟಿನಲ್ಲಿ 'ಫ್ಯಾಕ್ಟ್ ದಟ್' ಕಂಡ ಕಡೆಯೆಲ್ಲ ಪೆನ್ಸಿಲಿನಲ್ಲಿ "ಯಾರಂದ್ರು?" ಅಂತ ಬರೆಯಿರಿ. ಉತ್ತರ ಗೊತ್ತಿರುವವರು ರೀಡಿಂಗ್ ಪುಸ್ತಕ ತಂದು ತೋರಿಸುತ್ತಾರೆ. ಗೊತ್ತಿಲ್ಲದವರು ಲ್ಯಾಬಿಗೆ ವಾಪಸ್ ಹೋಗಲಿ, ಸಂಜೆ ಐದರವರೆಗೆ ತೆರೆದಿರುತ್ತದೆ.