ಹಕ್ಕಿಗೂ ನಮಗೂ ನಡುವೆ ಮೂವತ್ತು ಮೀಟರ್

ಹೋದ ವರ್ಷ ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಒಂದು ಬೆಳಗ್ಗೆ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಅಜ್ಜ, ನೋಡು, ನೀಲಕಂಠ!" ಅಂದಳು. ಕನ್ನಡಕ ಸರಿಮಾಡಿಕೊಂಡು ನೋಡಿದೆ. ಆಕಾಶ ಇತ್ತು, ಕರೆಂಟಿನ ತಂತಿ ಇತ್ತು, ತಂತಿಯ ಮೇಲೊಂದು ಕಪ್ಪು ಚುಕ್ಕೆ ಇತ್ತು.

"ನೀಲಕಂಠ ಅಂತ ನಿನಗೆ ಗೊತ್ತು ಪುಟ್ಟಿ. ನೋಡಿದವರಿಗೆ ಹೇಗೆ ಗೊತ್ತಾಗಬೇಕು?" ಅಂದೆ.

ಅವಳ ಮುಖ ಸಣ್ಣದಾಯಿತು. ನಮ್ಮ ಅಜ್ಜಂಪುರದಿಂದ ಶಿವನಿ ಕಡೆ ಹೋಗುವ ರಸ್ತೆಯಲ್ಲಿ ಬೆಳಗಿನ ಹೊತ್ತು ನೀಲಕಂಠ ತಂತಿಯ ಮೇಲೆ ಕೂತಿರುತ್ತದೆ. ನಮ್ಮ ರಾಜ್ಯಪಕ್ಷಿ. ಕೂತಾಗ ಕಂದುಕಂದಾಗಿ ಕಾಣುವ ಹಕ್ಕಿ ಹಾರಿದ ಕೂಡಲೇ ರೆಕ್ಕೆಯೊಳಗಿನ ನೀಲಿಯನ್ನೆಲ್ಲ ಬಿಚ್ಚಿ ತೋರಿಸುತ್ತದೆ. ಆ ನೀಲಿಯನ್ನು ಹಿಡಿಯಲು ಹೋಗಿ ಚುಕ್ಕೆ ಹಿಡಿದುಕೊಂಡು ಬಂದಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳ ಬೇಡಿಕೆ ಸಿದ್ಧವಾಗಿತ್ತು: ಒಂದು ಒಳ್ಳೆಯ ಕ್ಯಾಮೆರಾ, ಅದಕ್ಕೆ 600 ಮಿಲಿಮೀಟರಿನ ಲೆನ್ಸು.

ಅಡುಗೆಮನೆಯಿಂದ ಇವಳು, "ಹಕ್ಕಿ ನೋಡೋಕೆ ಅಂತ ಕಣ್ಣಿನ ಪೊರೆ ತೆಗೆಸ್ಕೊಂಡ್ರಲ್ಲ, ಅಷ್ಟು ಸಾಲದಾ?" ಅಂದಳು.

ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು ನಾನು. ಸಾಲ ಕೇಳಲು ಬಂದವರಿಗೆ ಮೊದಲು ಕೇಳುತ್ತಿದ್ದ ಪ್ರಶ್ನೆಯನ್ನೇ ಮೊಮ್ಮಗಳಿಗೂ ಕೇಳಿದೆ: "ಯಾತಕ್ಕೆ ಬೇಕು, ಎಷ್ಟು ಬೇಕು?" ಅವಳಿಗೆ ಉತ್ತರ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಹಾಗಾಗಿ ಇಬ್ಬರೂ ಒಂದು ನೋಟ್ ಬುಕ್ ಹಿಡಿದು ಹೊರಟೆವು.

ಒಂದು ವಾರ ನಾವು ಒಂದೇ ಒಂದು ಫೋಟೊ ತೆಗೆಯಲಿಲ್ಲ. ದೂರ ಅಳೆದೆವು. ಹಕ್ಕಿ ಗಾಬರಿಯಾಗದೆ ಕೂತಿರುವಾಗ ನಾವು ಎಲ್ಲಿ ನಿಂತಿದ್ದೇವೆಯೋ ಅಲ್ಲೊಂದು ಕಲ್ಲು. ಅದು ತಾನಾಗಿ ಹಾರಿಹೋದ ಮೇಲೆ ಅಲ್ಲಿಂದ ಹಕ್ಕಿ ಕೂತ ಜಾಗದವರೆಗೆ ಹೆಜ್ಜೆ ಎಣಿಸುವುದು. ನನ್ನ ಈಗಿನ ಹೆಜ್ಜೆ 60 ಸೆಂಟಿಮೀಟರ್. ನೀಲಕಂಠಕ್ಕೆ 50 ಹೆಜ್ಜೆ, ಅಂದರೆ 30 ಮೀಟರ್. ಕೆರೆಯ ಮಿಂಚುಳ್ಳಿಗೆ 25 ಹೆಜ್ಜೆ. ಹಿತ್ತಿಲ ಪಿಕಳಾರಕ್ಕೆ ಎಂಟೇ ಹೆಜ್ಜೆ. ಅದು ನಮ್ಮನ್ನು ಮನುಷ್ಯರೆಂದೇ ಲೆಕ್ಕಕ್ಕೆ ಇಟ್ಟಂತಿಲ್ಲ.

ಈಗ ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಲೆನ್ಸಿನ ಮೇಲೆ ಬರೆದಿರುವ ಮಿಲಿಮೀಟರ್ ಅಂದರೆ ಅದರ ಸಂಗಮ ದೂರ, ಇಂಗ್ಲಿಷಿನವರ ಫೋಕಲ್ ಲೆಂತ್. ಕ್ಯಾಮೆರಾದೊಳಗೆ ಸೆನ್ಸರ್ ಎಂಬ ಪುಟ್ಟ ಚೌಕ ಇರುತ್ತದೆ. ಚಿತ್ರ ಮೂಡುವುದು ಅದರ ಮೇಲೆ. ಹಕ್ಕಿಯ ಉದ್ದವನ್ನು ಸಂಗಮ ದೂರದಿಂದ ಗುಣಿಸಿ, ಹಕ್ಕಿ ಇರುವ ದೂರದಿಂದ ಭಾಗಿಸಿದರೆ ಸೆನ್ಸರಿನ ಮೇಲೆ ಹಕ್ಕಿ ಎಷ್ಟುದ್ದ ಮೂಡುತ್ತದೆ ಎಂದು ಸಿಗುತ್ತದೆ.

ನೀಲಕಂಠದ ಉದ್ದ ಸುಮಾರು 30 ಸೆಂಟಿಮೀಟರ್. ದೂರ 30 ಮೀಟರ್. ಅಂದರೆ ದೂರ ಉದ್ದದ ನೂರರಷ್ಟು. ಫೋನಿನ ಸಾಮಾನ್ಯ ಲೆನ್ಸಿನ ಸಂಗಮ ದೂರ 5–6 ಮಿಲಿಮೀಟರ್. ಅದರ ನೂರನೇ ಒಂದು ಭಾಗ 0.06 ಮಿಲಿಮೀಟರ್. ಚುಕ್ಕೆ ಬರದೆ ಇನ್ನೇನು ಬರಬೇಕು! 300ರ ಲೆನ್ಸಿನಲ್ಲಿ ಹಕ್ಕಿ 3 ಮಿಲಿಮೀಟರ್ ಮೂಡುತ್ತದೆ. ಲೆನ್ಸು ಬದಲಾಯಿಸಬಹುದಾದ ಸಾಮಾನ್ಯ ಕ್ಯಾಮೆರಾಗಳಲ್ಲಿ ಸೆನ್ಸರಿನ ಅಗಲ ಸುಮಾರು 23.5 ಮಿಲಿಮೀಟರ್. ಆದ್ದರಿಂದ ಹಕ್ಕಿ ಚಿತ್ರದ ಎಂಟನೇ ಒಂದು ಭಾಗ. 600ರ ಲೆನ್ಸಿನಲ್ಲಿ 6 ಮಿಲಿಮೀಟರ್, ಚಿತ್ರದ ಕಾಲು ಭಾಗ.

"ಹಾಗಾದರೆ 600ರದ್ದೇ ಬೇಕು" ಅಂದಳು ಮೊಮ್ಮಗಳು, ಲೆಕ್ಕ ತನ್ನ ಕಡೆ ಬಂದ ಖುಷಿಯಲ್ಲಿ.

"ಇಲ್ಲವೇ 300ರದ್ದು ಹಿಡಿದು ಅರ್ಧ ದೂರ ಹತ್ತಿರ ಹೋಗಬೇಕು. ಅದಕ್ಕೆ ಕಾಸಿಲ್ಲ" ಅಂದೆ ನಾನು. ಬ್ಯಾಂಕಿನವನ ಬುದ್ಧಿ. ಈ ಮಾತಿಗೆ ಮುಂದೆ ನಾನು ತೆತ್ತ ಬೆಲೆಯನ್ನು ಹೇಳುತ್ತೇನೆ.

ಅದಕ್ಕೆ ಮೊದಲು ಅಂಗಡಿಯಲ್ಲಿ ಸಿಗುವ ಸರಕಿನ ಮಾತು. ಹಕ್ಕಿಯ ಫೋಟೊಕ್ಕೆ ಮೂರು ದಾರಿಗಳಿವೆ.

ಮೊದಲನೆಯದು, ಲೆನ್ಸು ಬದಲಾಯಿಸಬಹುದಾದ ಕ್ಯಾಮೆರಾ ಮತ್ತು 70–300ರ ಜೂಮ್ ಲೆನ್ಸು. ಹಗುರವಾದವು ಅರ್ಧ ಕಿಲೋ ಆಸುಪಾಸು ತೂಗುತ್ತವೆ. ಹಿತ್ತಿಲಿಗೆ, ಕೆರೆಯ ದಂಡೆಗೆ ಒಳ್ಳೆಯದು. ದೂರದ ಹಕ್ಕಿಗೆ ಮೋಟು.

ಎರಡನೆಯದು, ಅದೇ ಕ್ಯಾಮೆರಾಕ್ಕೆ ದೊಡ್ಡ ಲೆನ್ಸು. ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳ 150–600, ನಿಕಾನ್‌ನ 200–500 ಇಂಥವು. ಲೆನ್ಸೊಂದೇ ಎರಡು ಕಿಲೋ, ಅದಕ್ಕೂ ಹೆಚ್ಚು. ಕ್ಯಾಮೆರಾ ಸೇರಿದರೆ ಮೂರು ಕಿಲೋ. ಕುತ್ತಿಗೆಗೆ ಮೂರು ಸೇರು ರಾಗಿ ಕಟ್ಟಿಕೊಂಡು ಓಡಾಡಿದ ಹಾಗೆ. ಹಾರುವ ಹಕ್ಕಿಗೆ, ಮಬ್ಬು ಬೆಳಕಿಗೆ ಇದಕ್ಕೆ ಸಾಟಿ ಇಲ್ಲ.

ಮೂರನೆಯದು, ಬ್ರಿಡ್ಜ್ ಕ್ಯಾಮೆರಾ. ಲೆನ್ಸು ಕ್ಯಾಮೆರಾಕ್ಕೆ ಅಂಟಿಕೊಂಡೇ ಇರುತ್ತದೆ. ನಿಕಾನ್ ಕೂಲ್‌ಪಿಕ್ಸ್ ಪಿ900, ಪಿ950, ಕ್ಯಾನನ್‌ನ ಎಸ್‌ಎಕ್ಸ್70 ಈ ಜಾತಿಯವು. ಪಿ950ಕ್ಕೆ "2000 ಮಿಲಿಮೀಟರ್" ಎಂದು ಬರೆದಿರುತ್ತಾರೆ. ಅದು ದೊಡ್ಡ ಸೆನ್ಸರಿಗೆ ಹೋಲಿಸಿ ಹೇಳಿದ ಅಂಕಿ. ನಿಜವಾದ ಸಂಗಮ ದೂರ 357 ಮಿಲಿಮೀಟರ್. ಆದರೆ ಅದರ ಸೆನ್ಸರಿನ ಅಗಲ ಆರು ಚಿಲ್ಲರೆ ಮಿಲಿಮೀಟರ್ ಮಾತ್ರ. ನಮ್ಮ ನೀಲಕಂಠ ಅದರ ಮೇಲೆ ಮೂರೂವರೆ ಮಿಲಿಮೀಟರ್ ಮೂಡಿದರೂ ಚಿತ್ರದ ಅರ್ಧಕ್ಕಿಂತ ಹೆಚ್ಚು ತುಂಬುತ್ತದೆ. ತೂಕ ಒಂದು ಕಿಲೋ.

ಇದರಲ್ಲೂ ಖರ್ಚಿನ ಕಾಲಮ್ಮು ಇದೆ. ಮಳೆ ಬರುವಾಗ ಅಂಗಳದಲ್ಲಿ ಒಂದು ಲೋಟ, ಒಂದು ಪರಾತ ಇಡಿ. ಪರಾತಕ್ಕೆ ನೀರು ಹೆಚ್ಚು ಬೀಳುತ್ತದೆ. ಸೆನ್ಸರಿಗೆ ಬೀಳುವ ಬೆಳಕೂ ಹಾಗೆಯೇ. ದೊಡ್ಡ ಕ್ಯಾಮೆರಾದ ಸೆನ್ಸರು ಬ್ರಿಡ್ಜ್ ಕ್ಯಾಮೆರಾದ್ದಕ್ಕಿಂತ ಸುಮಾರು ಹದಿಮೂರು ಪಟ್ಟು ವಿಸ್ತಾರ. ಹಾಗಾಗಿ ಸಂಜೆಗತ್ತಲಲ್ಲಿ ಬ್ರಿಡ್ಜ್ ಕ್ಯಾಮೆರಾದ ಚಿತ್ರ ರವೆ ಉದುರಿಸಿದಂತೆ ಕಾಣುತ್ತದೆ. ಹಾರುವ ಹಕ್ಕಿಯನ್ನು ಹಿಂಬಾಲಿಸುವುದರಲ್ಲಿಯೂ ಅದು ನಿಧಾನ. ದರಗಳನ್ನು ನಾನು ಬರೆಯುವುದಿಲ್ಲ, ಅವು ಬದಲಾಗುತ್ತಲೇ ಇರುತ್ತವೆ. ಎರಡನೇ ದಾರಿ ಮೂರರಲ್ಲಿ ಅತಿ ದುಬಾರಿ ಎಂದಷ್ಟು ತಿಳಿದಿರಿ.

ನಾನು ಮೊದಲನೆಯ ದಾರಿಗೇ ಒಲಿದಿದ್ದೆ. ನನ್ನ ಸೋದರಳಿಯನ ಹತ್ತಿರ ಒಂದು 70–300 ಇತ್ತು. ಪರೀಕ್ಷೆಗೆಂದು ಎರವಲು ತಂದೆ. ಊರಾಚೆಯ ಬೀಳು ಹೊಲದಲ್ಲಿ ಒಂದು ಜೋಡಿ ಟಿಟ್ಟಿಭ ಕಂಡಿತ್ತು. ಮೇ ತಿಂಗಳು, ಬೆಳಗಿನ ಹತ್ತೂವರೆ. 40 ಮೀಟರ್ ದೂರದಿಂದ ತೆಗೆದರೆ ಹಕ್ಕಿ ಚಿತ್ರದ ಒಂಬತ್ತನೇ ಒಂದು ಭಾಗ. ಹತ್ತಿರ ಹೋದರೆ ಕಾಸಿಲ್ಲವಲ್ಲ! ಹೋದೆ. ಇನ್ನೂ ಹೋದೆ. ಹಕ್ಕಿ ಎದ್ದು ತಲೆಯ ಮೇಲೆ ಸುತ್ತುತ್ತ ಕಿರುಚತೊಡಗಿತು. ಕಾಲಬುಡದಲ್ಲಿ ನೋಡಿದರೆ ಬರೀ ನೆಲದ ಮೇಲೆ, ಬೆಣಚುಕಲ್ಲುಗಳ ನಡುವೆ, ಮಣ್ಣಿನದೇ ಬಣ್ಣದ ನಾಲ್ಕು ಮೊಟ್ಟೆ.

ಆಗಲೇ ವಾಪಸು ಬರಬೇಕಿತ್ತು. ಬರಲಿಲ್ಲ. ಹಕ್ಕಿ ಮೊಟ್ಟೆಯ ಬಳಿ ಬರುತ್ತದೆ, ಆಗ ತೆಗೆಯೋಣ ಎಂದು ಹತ್ತು ಮೀಟರ್ ಆಚೆ ಮುಕ್ಕಾಲು ಗಂಟೆ ಕೂತೆ. ಫೋಟೊ ಚೆನ್ನಾಗಿ ಬಂದವು. ಕಣ್ಣಿನ ಮುಂದಿನ ಕೆಂಪು ತೊಗಲು, ಹಳದಿ ಕಾಲು, ತೆರೆದ ಕೊಕ್ಕು. ಸಂಜೆ ಹೆಮ್ಮೆಯಿಂದ ತೋರಿಸಿದೆ.

ಮೊಮ್ಮಗಳು ಒಂದೊಂದನ್ನೇ ನೋಡಿದಳು. ಆಮೇಲೆ ಕೇಳಿದಳು: "ಅಜ್ಜ, ಇದು ಇಲ್ಲಿ ನಿಂತು ಕೂಗ್ತಾ ಇತ್ತಲ್ಲ, ಆವಾಗ ಮೊಟ್ಟೆ ಹತ್ತಿರ ಯಾರಿದ್ರು?"

ಬಿಸಿಲಿನಲ್ಲಿ ಟಿಟ್ಟಿಭ ಮೊಟ್ಟೆಯ ಮೇಲೆ ಕೂರುವುದು ಕಾವಿಗಷ್ಟೇ ಅಲ್ಲ, ನೆರಳಿಗೆ. ಎದೆಯ ಪುಕ್ಕವನ್ನು ನೀರಿನಲ್ಲಿ ಅದ್ದಿ ತಂದು ಮೊಟ್ಟೆಗೆ ತಂಪು ಕೊಡುತ್ತದೆ. ಇದನ್ನು ನಾನು ಓದಿದ್ದೆ. ಓದಿದ್ದು ಅಂದು ನೆನಪಿಗೆ ಬಂದಿರಲಿಲ್ಲ.

ಎರಡು ದಿನದ ಮೇಲೆ ಆ ಕಡೆ ಕುರಿ ಮೇಯಿಸುವ ಹುಡುಗ ಸಿಕ್ಕಿದ. "ನೀವು ಕೂತಿದ್ರಲ್ಲ ಅಜ್ಜಾರೆ, ಆ ಜಾಲಿ ಮರದ ಮೇಲೆ ಎರಡು ಕಾಗೆ ಕೂತಿದ್ವು. ನೀವು ಹೋದ ತಕ್ಷಣ ಇಳಿದ್ವು" ಅಂದ. ಮೊಟ್ಟೆ ಎಷ್ಟು ಉಳಿದವು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವನೇ ಹೇಳಿದ, ಒಂದೂ ಇಲ್ಲ ಎಂದು.

ಕಾಗೆಗಳು ನಾನಿಲ್ಲದಿದ್ದರೂ ಬರುತ್ತಿದ್ದವೇನೋ. ಆದರೆ ಆ ಮುಕ್ಕಾಲು ಗಂಟೆ ದಾರಿ ತೋರಿಸಿದವನು ನಾನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ "ಬೇಟೆ" ಎಂಬ ಪದದ ಅರ್ಥದೊಳಗೆ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಎಪ್ಪತ್ತು ದಾಟಿದ ಮೇಲೆ ನಾನು ಬೇಟೆಗಾರನಾಗಿದ್ದೆ, ಅದೂ ಎರವಲು ತಂದ ಕ್ಯಾಮೆರಾದಲ್ಲಿ.

ನನ್ನ ಲೆಕ್ಕ ತಪ್ಪಿದ್ದು ಅಲ್ಲಿಯೇ. ಹತ್ತಿರ ಹೋಗುವುದಕ್ಕೆ ಕಾಸಿಲ್ಲ ಅಂದಿದ್ದೆ. ಕಾಸು ಇತ್ತು, ಆದರೆ ಅದು ನನ್ನ ಖಾತೆಗೆ ಖರ್ಚು ಬೀಳಲಿಲ್ಲ, ಹಕ್ಕಿಯ ಖಾತೆಗೆ ಬಿತ್ತು. ಉದ್ದದ ಲೆನ್ಸಿಗೆ ನಾವು ಕೊಡುವ ಹಣ ಹಕ್ಕಿಯನ್ನು ಹತ್ತಿರ ತರುವುದಕ್ಕೆ ಎಂದುಕೊಳ್ಳುತ್ತೇವೆ. ನಾವು ದೂರ ನಿಲ್ಲುವುದಕ್ಕೆ ಕೊಡುವ ಹಣ ಅದು.

ಆ ದೀಪಾವಳಿಗೆ ನನ್ನದೊಂದು ಆರ್.ಡಿ. ಮುಗಿಯಿತು. ಸೆಕೆಂಡ್ ಹ್ಯಾಂಡ್ ಪಿ950 ಒಂದನ್ನು ಕೊಂಡೆವು. ಎರಡು ಕಿಲೋ ಲೆನ್ಸು ಎಂಟನೇ ತರಗತಿಯ ಹುಡುಗಿಯ ಕೈಗೂ ನಿಲ್ಲುವುದಿಲ್ಲ, ನನ್ನ ಕೈಗೂ ನಿಲ್ಲುವುದಿಲ್ಲ. ಹಾರುವ ಹಕ್ಕಿಯ ಆಸೆಯನ್ನು ಸದ್ಯಕ್ಕೆ ಬಿಟ್ಟೆವು. ಅವಳು ದೊಡ್ಡವಳಾಗಿ ಸಂಪಾದಿಸಿದಾಗ 600ರದ್ದು ತೆಗೆದುಕೊಳ್ಳಲಿ.

ನೀವೂ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಕೆಲವು ಮಾತು. ಲೆನ್ಸಿನೊಳಗೆ ಟಾರ್ಚು ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಬೇಡ. ತರೀಕೆರೆಯ ಆಚೆ ಮಲೆನಾಡಿನವರು ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಲೆನ್ಸು ಬೇರೆ, ಕ್ಯಾಮೆರಾ ಬೇರೆ ಕೊಳ್ಳುವವರು ಎರಡೂ ಒಂದಕ್ಕೊಂದು ಕೂರುತ್ತವೆಯೇ ಎಂದು ಅಂಗಡಿಯಲ್ಲೇ ಹಾಕಿ ನೋಡಿ. ಕೈನಡುಕ ತಡೆಯುವ ಸೌಕರ್ಯ ಇರಬೇಕು. ಒಂದೊಂದು ಕಂಪನಿ ಅದನ್ನು ವಿಆರ್, ಐಎಸ್, ಓಎಸ್, ವಿಸಿ ಎಂದು ಒಂದೊಂದು ಹೆಸರಿನಿಂದ ಕರೆಯುತ್ತದೆ. ಅದಿದ್ದರೂ ನನ್ನಂಥವರು ಬಟ್ಟೆಚೀಲಕ್ಕೆ ಎರಡು ಕಿಲೋ ರಾಗಿ ತುಂಬಿ, ಸ್ಕೂಟರಿನ ಸೀಟಿನ ಮೇಲೋ ಬದುವಿನ ಮೇಲೋ ಇಟ್ಟು, ಅದರ ಮೇಲೆ ಕ್ಯಾಮೆರಾ ಊರುವುದು ಒಳ್ಳೆಯದು. ಇನ್ನೊಂದು: ಬೇಸಿಗೆಯಲ್ಲಿ ಒಂಬತ್ತು ಗಂಟೆಯ ಮೇಲೆ ನಮ್ಮ ಬಯಲಿನಲ್ಲಿ ಝಳ ಏಳುತ್ತದೆ. ಆ ಗಾಳಿಯ ನಡುಕವನ್ನು ಯಾವ ಬೆಲೆಯ ಲೆನ್ಸೂ ನಿಲ್ಲಿಸದು.

ನಮ್ಮ ಸುತ್ತ ಹಕ್ಕಿಗೇನು ಬಡತನವೇ? ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಿಂದ ಸಂರಕ್ಷಣಾ ಮೀಸಲು ಪ್ರದೇಶ. ಚಳಿಗಾಲದಲ್ಲಿ ಇಂಥ ಹುಲ್ಲುಗಾವಲುಗಳ ಮೇಲೆ ಸೆಳೆವ ಎಂಬ ಗಿಡುಗ ನೆಲ ಸವರುವಂತೆ ಹಾರುತ್ತದೆ. ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಹೋಗಿ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ, ಭದ್ರಾ ಹಿನ್ನೀರು ಇಳಿದಾಗ ತೇಲಿಬರುವ ನಡುಗಡ್ಡೆಗಳಲ್ಲಿ ರೀವಗಳು ನೆಲದ ಮೇಲೇ ಮೊಟ್ಟೆ ಇಡುತ್ತವೆ. ದೋಣಿಯಿಂದ ನೋಡಿ, ನಡುಗಡ್ಡೆಗೆ ಕಾಲಿಡಬೇಡಿ. ನಮ್ಮದೇ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಫೋಟೊ ತೆಗೆಯುತ್ತಿದ್ದುದು ಫಿಲ್ಮಿನ ಕಾಲದಿಂದ. ಒಂದು ರೋಲಿಗೆ 36 ಚಿತ್ರ, ಅದೂ ತೊಳೆಸಿ ಬರುವವರೆಗೆ ಕಾಯಬೇಕು. ಕಾಯುವುದನ್ನು ಆ ಕ್ಯಾಮೆರಾಗಳೇ ಕಲಿಸುತ್ತಿದ್ದವು. ಈಗಿನ ಕ್ಯಾಮೆರಾ ಕಲಿಸುವುದಿಲ್ಲ, ನಾವೇ ಕಲಿಯಬೇಕು.

ಈ ಏಪ್ರಿಲ್‌ನಲ್ಲಿ ಅದೇ ಬೀಳು ಹೊಲಕ್ಕೆ ಹೋದೆವು. ಬೆಳಗಿನ ಏಳು ಗಂಟೆ. ಟಿಟ್ಟಿಭ ಕೂತಿತ್ತು. ಹೋದ ವರ್ಷದ್ದೇ ಜೋಡಿಯೋ ಬೇರೆಯೋ ಗೊತ್ತಿಲ್ಲ. ಎಪ್ಪತ್ತು ಹೆಜ್ಜೆ ಆಚೆ, ಬದುವಿನ ಮೇಲೆ ರಾಗಿ ಚೀಲ ಇಟ್ಟು ಮೊಮ್ಮಗಳು ಹೊಟ್ಟೆಯ ಮೇಲೆ ಮಲಗಿದಳು. ನಾಲ್ಕು ಫೋಟೊ ತೆಗೆದು, ಐದು ನಿಮಿಷಕ್ಕೆ ಎದ್ದು ಬಂದೆವು.

ಚಿತ್ರದ ಅಂಚು ಸ್ವಲ್ಪ ಮಬ್ಬಾಗಿದೆ. ಮೊಟ್ಟೆ ಕಾಣುವುದಿಲ್ಲ, ಅದರ ಮೇಲೆ ಹಕ್ಕಿ ಕೂತಿದೆ. ಕೊಕ್ಕು ಮುಚ್ಚಿದೆ. ಮನೆಯಲ್ಲಿ ಇವಳು ಫೋಟೊ ನೋಡಿ, "ಇದಕ್ಕೆ ನೀವು ಬಂದದ್ದೇ ಗೊತ್ತಾಗಿಲ್ವಲ್ರೀ" ಅಂದಳು. ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಹೋದ ವರ್ಷದ ಚಂದದ ಫೋಟೊಗಳನ್ನು ಅಳಿಸಿಲ್ಲ, ಯಾರಿಗೂ ತೋರಿಸುವುದೂ ಇಲ್ಲ.

ಈ ವಾರದ ಕೆಲಸ, ಮಕ್ಕಳೇ: ಮನೆಯ ಸುತ್ತಲಿನ ಐದು ಹಕ್ಕಿ ಆರಿಸಿ. ಎಷ್ಟು ದೂರದಲ್ಲಿ ಅವು ನಿಮ್ಮನ್ನು ನೋಡಿಯೂ ತಮ್ಮ ಕೆಲಸ ಮುಂದುವರಿಸುತ್ತವೆ, ಹೆಜ್ಜೆ ಎಣಿಸಿ ಬರೆಯಿರಿ. ಗೂಡು ಕಂಡರೆ ಎಣಿಸಬೇಡಿ, ಹಿಂದೆ ಬನ್ನಿ. ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳ ಜೊತೆ ನೀವೂ ಹೋಗಿ. ನಮ್ಮ ನಿಧಾನ ನಡಿಗೆ ಹಕ್ಕಿಗಳಿಗೆ ಹಿಡಿಸುತ್ತದೆ. ಅಂಗಡಿಗೆ ಹೋಗುವುದು ಆ ಪಟ್ಟಿ ತಯಾರಾದ ಮೇಲೆ.